ಕೊನೆಯ ಆಸೆಯ ದ್ವೀಪದಲ್ಲಿ

ಲಂಡನ್ನಿನಿಂದ ಪಶ್ಚಿಮಾಭಿಮುಖವಾಗಿ ಆಕ್ಸ್‌ಫರ್ಡಿನತ್ತ ಹೋಗುವ ಹೆದ್ದಾರಿಯಲ್ಲಿ, ಮನೆಗಳ ಸಾಲು ವಿರಳವಾಗುತ್ತ ಬಂದು ನಾರ್ಥೋಲ್ಟ್ ವಿಮಾನನಿಲ್ದಾಣದ ಬಯಲು ಸಮೀಪಿಸುವ ಎಡೆಯಲ್ಲಿ, ಒಂದು ಕೂಡುದಾರಿಯಿದೆ. ಅದರ ಹೆಸರು ‘ಪೋಲಿಷ್ ಯುದ್ಧಸ್ಮಾರಕ’. ರಸ್ತೆಯ ಫಲಕಗಳಲ್ಲಿ ಅದೇ ಹೆಸರು, ವಾಹನಗಳ ದಟ್ಟಣೆಯ ವಾರ್ತೆಯನ್ನು ಸಾರುವ ಬಾನುಲಿಯಲ್ಲಿಯೂ ಅದೇ ಹೆಸರು. ದಿನಂಪ್ರತಿ ಈ ಹೆಸರನ್ನು ಓದಿ, ಇಲ್ಲಿ ಎಡಕ್ಕೆ ತಿರುಗಬೇಕೋ ಬಲಕ್ಕೆ ತಿರುಗಬೇಕೋ ಎಂದು ನಿರ್ಣಯಿಸಿ ಮುಂದಕ್ಕೆ ಹೋಗುವ ಸಹಸ್ರಾರು ಜನರಲ್ಲಿ, ಆ ಹೆಸರಿನ ಹಿಂದೆ ಒಂದು ಸ್ಮಾರಕವೂ ಆ ಸ್ಮಾರಕದ ಹಿಂದೆ ಮನೆಯನ್ನು ಕಳೆದುಕೊಂಡ ಒಂದು ಸೇನೆಯೂ ಇವೆಯೆಂದು ನೆನೆಯುವವರು ಎಷ್ಟು ಮಂದಿಯೋ. ನಾನು ಅಲ್ಲಿಗೆ ಹೋದುದು ಒಂದು ಬೂದುಬಣ್ಣದ ಮುಂಜಾನೆ. ಬಸ್ಸಿನಿಂದಿಳಿದು ಸುರಂಗಮಾರ್ಗದಂಥ ಒಂದು ಕಾಲುದಾರಿಯನ್ನು ದಾಟಿ ಮೇಲೆ ಬಂದೊಡನೆ, ಪೋರ್ಟ್‌ಲೆಂಡ್ ಶಿಲೆಯ ಎತ್ತರವಾದ ಕಂಬದ ನೆತ್ತಿಯ ಮೇಲೆ ರೆಕ್ಕೆಯನ್ನೆತ್ತಿ ನಿಂತ ಕಂಚಿನ ಹದ್ದು ಕಾಣಿಸಿತು.

ಈ ಸ್ಮಾರಕವನ್ನು ರೂಪಿಸಿದ ಶಿಲ್ಪಿ ಮ್ಯೇಚಿಸ್ಲಾವ್ ಲೂಬೆಲ್ಸ್ಕಿ ಯುದ್ಧಕಾಲದಲ್ಲಿ ಜರ್ಮನರ ದುಡಿಮೆಯ ಶಿಬಿರದಲ್ಲಿ ಸೆರೆಯಾಗಿದ್ದವನು. 1948ರ ನವೆಂಬರ್ 2ರಂದು, ಕ್ರೈಸ್ತರು ಅಗಲಿದವರೆಲ್ಲರ ಆತ್ಮಗಳನ್ನು ನೆನೆಯುವ ದಿನದಂದು, ಇದರ ಅನಾವರಣವಾಯಿತು. ಮಡಿದ ಪೋಲಿಷ್ ವೈಮಾನಿಕರೆಲ್ಲರ ಹೆಸರಿಗೂ ಅಂದು ಕಲ್ಲಿನಲ್ಲಿ ಸ್ಥಳ ಸಾಲಲಿಲ್ಲವಾಗಿ ಸಾವಿರದ ಇನ್ನೂರಕ್ಕೆ ಮೇಲ್ಪಟ್ಟ ಹೆಸರುಗಳನ್ನು ಮಾತ್ರ ಕೆತ್ತಿದರು. 1990ರ ದಶಕದಲ್ಲಿ ಜೀರ್ಣೋದ್ಧಾರವಾದಾಗ ಉಳಿದವುಗಳಲ್ಲಿ ಮತ್ತೆ ಹಲವು ನೂರು ಹೆಸರುಗಳು ಸೇರಿದವು. ಕಂಬದ ಬುಡದಲ್ಲಿ ಪಡೆಗಳ ಸಂಖ್ಯೆಗಳಿವೆ. ಹಿಂದಿನ ಗೋಡೆಯ ಮೇಲೆ ವ್ಯಂಜನಗಳು ಒತ್ತೊತ್ತಾಗಿ ಕೂಡಿದ, ನಮ್ಮ ನಾಲಗೆಗೆ ಸುಲಭವಾಗಿ ಹೊರಳದ ಆ ಹೆಸರುಗಳನ್ನು ಒಂದೊಂದಾಗಿ ಉಚ್ಚರಿಸಲು ಯತ್ನಿಸುತ್ತ ನಾನು ಬಹಳ ಹೊತ್ತು ನಿಂತೆ. ಹೆಸರನ್ನು ಓದಲಾರದಿದ್ದರೂ ಓದಲು ಯತ್ನಿಸುವುದು ಗೌರವದ ಒಂದು ಬಗೆಯೆಂದು ನನಗೆ ಅನಿಸಿತು.

ಅವರು ಇಲ್ಲಿಗೆ ಬಂದ ದಾರಿ ದೀರ್ಘವಾದದ್ದು. 1939ರ ಸೆಪ್ಟೆಂಬರ್ 1ರಂದು ಪಶ್ಚಿಮದಿಂದ ಜರ್ಮನಿ ಪೋಲೆಂಡಿನ ಮೇಲೆ ಎರಗಿತು. ಆ ಆಘಾತವನ್ನು ತಡೆಯುತ್ತ ಹಿಂದೆಗೆಯುತ್ತಿದ್ದ ದೇಶದ ಮೇಲೆ 17ರಂದು ಪೂರ್ವದಿಂದ ಸೋವಿಯತ್ ಸೇನೆ ನುಗ್ಗಿತು. ನೆಲವೇ ಎರಡು ಕಡೆಯಿಂದ ಮುದುಡಿಹೋಗುತ್ತಿರುವಾಗ ವೈಮಾನಿಕರಿಗೆ ಬಂದ ಆಜ್ಞೆ ಗಡಿಯನ್ನು ದಾಟಿ ರುಮೇನಿಯಕ್ಕೆ ಹೋಗಿರೆಂದು. ಹಾರಬಲ್ಲ ವಿಮಾನವಿದ್ದವರು ಹಾರಿಹೋದರು. ಉಳಿದವರು ಲಾರಿಗಳಲ್ಲಿ, ರೈಲಿನಲ್ಲಿ, ಕಾಲ್ನಡಿಗೆಯಲ್ಲಿ ಹೋದರು. ಅಲ್ಲಿ ಅವರನ್ನು ಶಿಬಿರಗಳಲ್ಲಿ ಕೂಡಿಹಾಕಿದ್ದುಂಟು. ಆದರೆ ಕಾವಲುಗಾರರ ಕೈ ಬೆಚ್ಚಗೆ ಮಾಡಿ, ಸಮವಸ್ತ್ರವನ್ನು ಕಳಚಿ ಹಳೆಯ ಅಂಗಿಗಳನ್ನು ತೊಟ್ಟು, ಸುಳ್ಳು ಹೆಸರಿನ ರಹದಾರಿಗಳನ್ನು ಹಿಡಿದು ಅವರು ಸಣ್ಣ ಸಣ್ಣ ಗುಂಪುಗಳಲ್ಲಿ ತಪ್ಪಿಸಿಕೊಂಡು, ಆಗ ರುಮೇನಿಯಕ್ಕೆ ಸೇರಿದ್ದ ಬಾಲ್ಚಿಕ್ ಎಂಬ ಕಪ್ಪುಸಮುದ್ರದ ಬಂದರಿನಿಂದ ಹಡಗನ್ನೇರಿ ಬೈರೂತಿಗೂ, ಅಲ್ಲಿಂದ ಫ್ರಾನ್ಸಿನ ಮಾರ್ಸೇಲಿಗೂ ಬಂದು ಸೇರಿದರು. ಲಿಯೋನಿನ ಬಳಿಯ ಬ್ರೋನ್ ನಿಲ್ದಾಣದಲ್ಲಿ ಆ ಚಳಿಗಾಲವನ್ನು ವಿಮಾನಗಳಿಗಾಗಿ ಕಾಯುತ್ತ ಕಳೆದರು. 1940ರ ಜೂನಿನಲ್ಲಿ ಫ್ರಾನ್ಸೂ ಕುಸಿಯಿತು. ಮತ್ತೆ ಗಂಟುಮೂಟೆ, ಮತ್ತೆ ಬಂದರು, ಮತ್ತೆ ಕಡಲು. ಹೀಗೆ ಕಟ್ಟಕಡೆಗೆ ತಲಪಿದ ಇಂಗ್ಲೆಂಡಿಗೆ ಅವರು ಇಟ್ಟ ಹೆಸರು ‘ಕೊನೆಯ ಆಸೆಯ ದ್ವೀಪ’ ಎಂದು. ಅದರಾಚೆಗೆ ಓಡಲು ಇನ್ನು ನೆಲವಿರಲಿಲ್ಲ.

ಇಷ್ಟು ದೂರ, ಇಷ್ಟು ಸಲ ಎಲ್ಲವನ್ನೂ ಬಿಟ್ಟೋಡಿದವನ ಜೇಬಿನಲ್ಲಿ ಉಳಿಯುವುದು ಏನು? ಇಂಗ್ಲೆಂಡಿನಲ್ಲಿ ನಾನು ಅವರ ಜಾಡನ್ನರಸಿ ಅಲೆದುದಕ್ಕೆ ಕಾರಣ ಈ ಒಂದು ಪ್ರಶ್ನೆ. ಅವರ ಯುದ್ಧಕೌಶಲವನ್ನು ಕುರಿತು ಪುಸ್ತಕಗಳು ಬೇಕಾದಷ್ಟಿವೆ. ಆದರೆ ಒಂದು ಕೈಗೂಸಿನಷ್ಟೂ ಭಾರವಿಲ್ಲದ, ಮಡಿಸಿದರೆ ಅಂಗೈಯಲ್ಲಿ ಅಡಗುವ ಕೆಲವು ಪದಾರ್ಥಗಳು ಅವರೊಡನೆ ನಾಲ್ಕಾರು ಗಡಿಗಳನ್ನು ದಾಟಿ ಬಂದಿವೆ; ಅವುಗಳ ಕಥೆಯನ್ನು ಹೇಳಿದವರು ಕಡಮೆ.

ಮೊದಮೊದಲು ಆಂಗ್ಲ ಅಧಿಕಾರಿಗಳಿಗೆ ಈ ಹೊಸಬರ ಮೇಲೆ ನಂಬಿಕೆಯಿರಲಿಲ್ಲ. ಪೋಲೆಂಡಿನಲ್ಲಿ ಐದು ವಾರಗಳಲ್ಲಿಯೂ ಫ್ರಾನ್ಸಿನಲ್ಲಿ ಆರು ವಾರಗಳಲ್ಲಿಯೂ ಸೋತುಬಂದ ಸೇನೆಗಳ ಮನೋಬಲ ಹೇಗಿದ್ದೀತೆಂಬ ಶಂಕೆ ಒಂದೆಡೆ. ಭಾಷೆ ಬಾರದವರು ಗಗನದಲ್ಲಿ ಆಜ್ಞೆಯನ್ನು ಗ್ರಹಿಸುವುದೆಂತೆಂಬ ಶಂಕೆ ಇನ್ನೊಂದೆಡೆ. ಪೋಲೆಂಡಿನ ಮತ್ತು ಫ್ರಾನ್ಸಿನ ವಿಮಾನಗಳಲ್ಲಿ ವೇಗವರ್ಧಕದ ಹಿಡಿಯನ್ನು ಹಿಂದಕ್ಕೆಳೆದರೆ ಯಂತ್ರದ ಬಲ ಹೆಚ್ಚುತ್ತಿತ್ತು, ಇಂಗ್ಲೆಂಡಿನವುಗಳಲ್ಲಿ ಮುಂದಕ್ಕೆ ತಳ್ಳಬೇಕು. ಕೈಗೆ ಕಲಿಸಿದ್ದನ್ನು ಕೈಯಿಂದಲೇ ಮರೆಸಬೇಕಾಯಿತು. ಮೈಲಿ, ಅಡಿಗಳ ಲೆಕ್ಕವೂ ಹೊಸದು. ಅಕ್ಸ್‌ಬ್ರಿಜಿನ ಒಂದು ಕಾಲ್ಚೆಂಡಿನ ಮೈದಾನದಲ್ಲಿ, ರೇಡಿಯೊ ಮತ್ತು ದಿಕ್ಸೂಚಿಗಳನ್ನು ಕಟ್ಟಿದ ಮೂರು ಗಾಲಿಯ ಸೈಕಲ್ಲುಗಳ ಮೇಲೆ ಕುಳ್ಳಿರಿಸಿ, ನೂರಾರು ತಾಸು ಹಾರಿ ಪಳಗಿದ ಯೋಧರಿಗೆ ಆಂಗ್ಲ ಆಜ್ಞೆಗಳಂತೆ ಎಡಬಲಕ್ಕೆ ತಿರುಗುವುದನ್ನು ಅಭ್ಯಾಸ ಮಾಡಿಸಿದರು. ಯಾರಾದರೂ ನೋಡಿ ನಕ್ಕಿದ್ದರೆ ಆಶ್ಚರ್ಯವಿಲ್ಲ. ಆದರೆ ಊರಿನಲ್ಲಿ ಹೆತ್ತವರ ಗತಿಯೇನಾಯಿತೆಂದು ತಿಳಿಯದೆ, ಶತ್ರುವಿಮಾನಗಳು ನೆತ್ತಿಯ ಮೇಲೆಯೇ ಹಾದುಹೋಗುತ್ತಿರುವಾಗ ಆ ಗಾಲಿಗಳನ್ನು ತುಳಿಯಬೇಕಾಗಿ ಬಂದವನ ಹೃದಯವನ್ನು ನೆನೆದರೆ ನಗು ಬಾರದು.

1940ರ ಆಗಸ್ಟಿನಲ್ಲಿ ನಾರ್ಥೋಲ್ಟಿನಲ್ಲಿ ರಚಿತವಾದ 303ನೆಯ ಪಡೆ ಆ ತಿಂಗಳ 30ರಂದು ಇನ್ನೂ ಅಭ್ಯಾಸದ ಹಾರಾಟದಲ್ಲಿತ್ತು. ದೂರದಲ್ಲಿ ಜರ್ಮನ್ ವಿಮಾನಗಳನ್ನು ಕಂಡ ಲೂದ್ವಿಕ್ ಪಾಷ್ಕ್ಯೇವಿಚ್ ಎಂಬಾತ, ನಾಯಕನಿಂದ ಉತ್ತರ ಬಾರದಿರಲು, ತಾನೇ ಸಾಲನ್ನು ಬಿಟ್ಟು ಹೋಗಿ ಒಂದನ್ನು ಉರುಳಿಸಿ ಬಂದನು. ಶಿಸ್ತುಭಂಗಕ್ಕಾಗಿ ಗದರಿಕೆಯೂ ವಿಜಯಕ್ಕಾಗಿ ಶ್ಲಾಘನೆಯೂ ಅವನಿಗೆ ಒಟ್ಟಿಗೇ ದೊರೆತವು. ಮರುದಿನವೇ ಪಡೆಗೆ ಯುದ್ಧಾನುಮತಿ ಬಂದಿತು. ಮುಂದಿನ ಆರು ವಾರಗಳಲ್ಲಿ ಈ ಪಡೆ 126 ಶತ್ರುವಿಮಾನಗಳನ್ನು ತನ್ನ ಲೆಕ್ಕಕ್ಕೆ ಬರೆಯಿಸಿಕೊಂಡಿತು. ಅನಂತರದ ಸಂಶೋಧಕರು ಈ ಸಂಖ್ಯೆಯನ್ನು ತಗ್ಗಿಸಿದ್ದಾರೆ. ಆದರೂ ಹರಿಕೇನ್ ವಿಮಾನಗಳ ಪಡೆಗಳಲ್ಲಿ ಅಗ್ರಸ್ಥಾನ ಇದರದೇ. ಬ್ರಿಟನ್ನಿನ ಆ ಆಕಾಶಯುದ್ಧದಲ್ಲಿ ಹೋರಾಡಿದ ಪೋಲಿಷ್ ಯೋಧರು 145 ಮಂದಿ. ಪಾಷ್ಕ್ಯೇವಿಚ್ ಸೆಪ್ಟೆಂಬರ್ 27ರಂದು ಮಡಿದನು. ತನ್ನ ಮೊದಲ ವಿಜಯದಿಂದ ಒಂದು ತಿಂಗಳನ್ನೂ ಅವನು ಪೂರೈಸಲಿಲ್ಲ.

ಲಂಡನ್ನಿನ ಹೈಡ್ ಪಾರ್ಕಿನ ದಕ್ಷಿಣದಂಚಿನಲ್ಲಿ, ಪ್ರಿನ್ಸಸ್ ಗೇಟ್ ಎಂಬ ಬೀದಿಯ ಸಾಲುಮನೆಗಳ ನಡುವೆ, ಕೆಂಪು-ಬಿಳಿ ಧ್ವಜವೊಂದು ಹಾರಾಡುವ 20ನೆಯ ಸಂಖ್ಯೆಯ ಮನೆಯಿದೆ. ಯುದ್ಧಕಾಲದ ಪೋಲಿಷ್ ಸೇನಾಪತಿ ಸಿಕೋರ್ಸ್ಕಿಯ ಹೆಸರಿನ ಸಂಸ್ಥೆಯೂ ಅದರ ಸಂಗ್ರಹಾಲಯವೂ ಇರುವುದು ಇಲ್ಲಿಯೇ. ಶ್ರೀಮಂತರ ವಾಸದ ಮನೆಯಂತಿರುವ ಈ ಕಟ್ಟಡದಲ್ಲಿ ಮರದ ಮೆಟ್ಟಿಲುಗಳನ್ನೇರಿ ಕೋಣೆಯಿಂದ ಕೋಣೆಗೆ ಹೋದಂತೆ, ನಾವು ಒಂದು ವಸ್ತುಪ್ರದರ್ಶನವನ್ನಲ್ಲ, ಯಜಮಾನರು ಇಂದೋ ನಾಳೆಯೋ ಹಿಂದಿರುಗುವರೆಂದು ನಂಬಿ ಜೋಪಾನವಾಗಿರಿಸಿದ ಒಂದು ಮನೆಯನ್ನು ನೋಡುತ್ತಿದ್ದೇವೆಂಬ ಭಾವನೆ ಹುಟ್ಟುತ್ತದೆ. ಪಡೆಗಳ ಪತಾಕೆಗಳು, ಖಡ್ಗಗಳು, ಜಿಬ್ರಾಲ್ಟರಿನ ಕಡಲಿಗೆ ವಿಮಾನ ಬಿದ್ದು ಮಡಿದ ದಿನ ಸೇನಾಪತಿ ಸಿಕೋರ್ಸ್ಕಿ ತೊಟ್ಟಿದ್ದ ಸಮವಸ್ತ್ರ, ಎಲ್ಲವೂ ಇಲ್ಲಿವೆ. ನಮ್ಮನ್ನು ಕರೆದುಕೊಂಡು ತೋರಿಸಿದ ವೃದ್ಧೆ ಆ ಸಮವಸ್ತ್ರದ ಮುಂದೆ ಧ್ವನಿಯನ್ನು ತಗ್ಗಿಸಿದಳು. ಸತ್ತವರ ಕೋಣೆಯಲ್ಲಿ ಮಾತಾಡುವ ರೀತಿ ಎಲ್ಲ ದೇಶಗಳಲ್ಲಿಯೂ ಒಂದೇ.

ಈ ಮನೆಯ ಭಂಡಾರದಲ್ಲಿರುವ ಒಂದು ವಸ್ತುವಿನ ವಿಷಯವಾಗಿ ನಾನು ಮುಂಚೆಯೇ ಓದಿದ್ದೆ. ಅದು 303ನೆಯ ಪಡೆಯ ದಿನಚರಿ. ಅದನ್ನು ಆರಂಭಿಸಿದವನು ಮಿರೋಸ್ಲಾವ್ ಫೇರಿಚ್. ತಂದೆ ಕ್ರೊಯೇಷಿಯದವನು, ತಾಯಿ ಪೋಲೆಂಡಿನವಳು. ಹುಟ್ಟಿದ್ದು ಬೋಸ್ನಿಯದಲ್ಲಿ, ಬೆಳೆದದ್ದು ಪೋಲೆಂಡಿನಲ್ಲಿ, ವಿಮಾನವಿದ್ಯೆಯನ್ನು ಕಲಿತದ್ದು ದೆಂಬ್ಲಿನ್ನಿನ ಪ್ರಸಿದ್ಧವಾದ ಶಾಲೆಯಲ್ಲಿ. 1939ರ ಸೆಪ್ಟೆಂಬರಿನ ಆ ಕರಾಳ ದಿನಗಳಲ್ಲಿಯೇ ಈತ ಬರೆಯತೊಡಗಿ, ಗಡಿಗಳನ್ನು ದಾಟುವಾಗಲೂ ಬರವಣಿಗೆಯನ್ನು ಬಿಡದೆ, ನಾರ್ಥೋಲ್ಟಿಗೆ ಬಂದ ಮೇಲೆ ಅದನ್ನು ಇಡೀ ಪಡೆಯ ಪುಸ್ತಕವನ್ನಾಗಿ ಮಾಡಿದನು. ಯುದ್ಧದಿಂದ ಇಳಿದುಬಂದವನು ಎಷ್ಟೇ ದಣಿದಿರಲಿ, ತಾನು ಕಂಡದ್ದನ್ನು ತನ್ನ ಕೈಯಿಂದಲೇ ಅದರಲ್ಲಿ ಬರೆಯಬೇಕು. ಫೇರಿಚನ ಒತ್ತಾಯದಿಂದ ಯಾರಿಗೂ ಬಿಡುಗಡೆಯಿರಲಿಲ್ಲ. ಹೀಗಾಗಿ ಆ ಪುಟಗಳಲ್ಲಿ ಒಬ್ಬೊಬ್ಬರ ಅಕ್ಷರ ಒಂದೊಂದು ತೆರ. 1940ರ ಸೆಪ್ಟೆಂಬರ್ 26ರಂದು ಪಡೆಯನ್ನು ನೋಡಲು ಬಂದ ಆರನೆಯ ಜಾರ್ಜ್ ದೊರೆಯ ಹಸ್ತಾಕ್ಷರವೂ ಅದರಲ್ಲಿದೆ. 1942ರ ಫೆಬ್ರುವರಿ 14ರಂದು, ನಾರ್ಥೋಲ್ಟಿನ ನೆತ್ತಿಯ ಮೇಲೆಯೇ ಸ್ಪಿಟ್‌ಫೈರ್ ವಿಮಾನ ಮುರಿದು ಫೇರಿಚ್ ಸತ್ತನು. ಪುಸ್ತಕ ನಿಲ್ಲಲಿಲ್ಲ; ಬೇರೆ ಕೈಗಳು ಅದನ್ನು ಮುಂದುವರಿಸಿದವು.

ಇಪ್ಪತ್ತನಾಲ್ಕು ಇಪ್ಪತ್ತೈದು ವರ್ಷದ ತರುಣನಿಗೆ, ನಾಳೆ ಬದುಕಿರುವೆನೆಂಬ ಭರವಸೆಯಿಲ್ಲದ ದಿನಗಳಲ್ಲಿ, ಈ ಬರವಣಿಗೆಯ ಹಠವೇಕೆ ಬಂದಿತು? ಕೀರ್ತಿಯ ಆಸೆಯಿಂದಿರಲಾರದು, ಹಾಗಿದ್ದರೆ ಉಳಿದವರ ಕೈಗೆ ಲೇಖನಿಯನ್ನು ಏಕೆ ಕೊಡುತ್ತಿದ್ದನು? ದೇಶವೆಂಬುದು ಭೂಪಟದಿಂದ ಅಳಿಸಿಹೋದಾಗ, ಅದರ ಕಚೇರಿಗಳೂ ಗ್ರಂಥಾಲಯಗಳೂ ಶತ್ರುವಿನ ಕೈವಶವಾದಾಗ, ಆ ದೇಶದ ಚರಿತ್ರೆಯ ಆ ವರ್ಷಗಳ ಅಧ್ಯಾಯವನ್ನು ಬರೆಯತಕ್ಕವರು ಯಾರು? ಫೇರಿಚ್ ಆ ಕರ್ತವ್ಯವನ್ನು ತಾನೇ ವಹಿಸಿಕೊಂಡನೆಂದು ನನಗೆ ತೋರುತ್ತದೆ. ಇದು ತನ್ನ ನೆನಪಿಗೆಂದು ಇಟ್ಟುಕೊಂಡದ್ದಲ್ಲ. ಒಡೆಯರು ಬಂದಾಗ ಒಪ್ಪಿಸಬೇಕಾದ ನ್ಯಾಸವೆಂದು ಕಾಪಾಡಿದ್ದು. ಅರ್ಕಾದಿ ಫೀಡ್ಲರ್ ಎಂಬ ಲೇಖಕ ಇದೇ ಪಡೆಯನ್ನು ಕುರಿತು ಬರೆದು 1942ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ಪುಸ್ತಕ ಗುಪ್ತವಾಗಿ ಪೋಲೆಂಡಿಗೆ ಹೋಗಿ, ಅಲ್ಲಿಯ ಗುಪ್ತ ಮುದ್ರಣಾಲಯಗಳಲ್ಲಿ ಅಚ್ಚಾಗಿ, ಜರ್ಮನರ ಕಣ್ಣು ತಪ್ಪಿಸಿ ಮನೆಯಿಂದ ಮನೆಗೆ ಸಂಚರಿಸಿತು. ಸಿಕ್ಕಿಬಿದ್ದರೆ ಪ್ರಾಣವೇ ಹೋಗುವ ಕಾಲದಲ್ಲಿ ಜನ ಅದನ್ನು ಓದಿದರೆಂದರೆ, ನ್ಯಾಸದ ಒಡೆಯರೂ ಅದಕ್ಕಾಗಿ ಕಾಯುತ್ತಿದ್ದರೆಂದೇ ಅರ್ಥ.

ಗಾಜಿನ ಪೆಟ್ಟಿಗೆಗಳಲ್ಲಿ ಸಣ್ಣ ವಸ್ತುಗಳೂ ಉಂಟು. ಪೋಲಿಷ್ ವೈಮಾನಿಕನ ಬಿರುದು, ಕೊಕ್ಕಿನಲ್ಲಿ ಎಲೆಯ ಹಾರವನ್ನು ಕಚ್ಚಿಕೊಂಡು ಕೆಳಕ್ಕೆ ಎರಗುತ್ತಿರುವ ಬೆಳ್ಳಿಯ ಹದ್ದು. ಸಣ್ಣ ಸರಪಣಿಯೊಡನೆ ಎದೆಯ ಮೇಲೆ ತೊಡುವುದು. ರಣರಂಗದಲ್ಲಿ ಹಾರಿದವನ ಹದ್ದಿಗೆ ಮಾತ್ರ ಆ ಹಾರ ಹಸುರು. ಇಂಗ್ಲೆಂಡಿನ ನೀಲಿ ಸಮವಸ್ತ್ರವನ್ನು ತೊಟ್ಟಾಗಲೂ ಅವರು ಈ ಹದ್ದನ್ನು ಬಿಡಲಿಲ್ಲ. 303ನೆಯ ಪಡೆಯ ಲಾಂಛನದ ಕಥೆ ಇನ್ನೂ ಹಿಂದಕ್ಕೆ ಹೋಗುತ್ತದೆ. 1919-20ರಲ್ಲಿ ಸೋವಿಯತ್ ಸೇನೆಯೊಡನೆ ಪೋಲೆಂಡ್ ಹೋರಾಡುತ್ತಿದ್ದಾಗ ಸ್ವಯಂಸೇವಕರಾಗಿ ಬಂದ ಅಮೆರಿಕದ ವೈಮಾನಿಕರು, ತಮ್ಮ ದೇಶದ ಸ್ವಾತಂತ್ರ್ಯಸಮರದಲ್ಲಿ ಹೋರಾಡಿದ್ದ ಪೋಲಿಷ್ ವೀರ ಕೊಶ್ಚ್ಯೂಷ್ಕೊನ ಹೆಸರನ್ನು ತಮ್ಮ ಪಡೆಗಿಟ್ಟರು. ಅವರಲ್ಲೊಬ್ಬನಾದ ಎಲಿಯಟ್ ಚೆಸ್ ಲಾಂಛನವನ್ನು ಬರೆದನು. ಅದರಲ್ಲಿ ಅಮೆರಿಕದ ಧ್ವಜದ ಪಟ್ಟೆಗಳೂ ನಕ್ಷತ್ರಗಳೂ ಇವೆ. ನಡುವೆ ಪೋಲೆಂಡಿನ ನಾಲ್ಕು ಮೂಲೆಯ ಟೊಪ್ಪಿಗೆ. ಹಿಂದೆ, 1794ರ ದಂಗೆಯಲ್ಲಿ ಕೊಶ್ಚ್ಯೂಷ್ಕೊನ ಹಿಂದೆ ನಡೆದ ರೈತರು ಆಯುಧಗಳನ್ನಾಗಿ ಹಿಡಿದಿದ್ದ ಹುಲ್ಲುಗತ್ತಿಗಳು. ಒಂದು ಋಣವನ್ನು ಇನ್ನೊಂದು ದೇಶ ತೀರಿಸಿದ ಗುರುತು ಹೀಗೆ ಮೂರನೆಯ ದೇಶವೊಂದರ ಆಕಾಶದಲ್ಲಿ ಹಾರಿತು.

ಪ್ಯಾರಾಶೂಟಿನಿಂದ ಜೀವವುಳಿಸಿಕೊಂಡವರಿಗೆ ಅದನ್ನು ತಯಾರಿಸಿದವರು ಕೊಡುತ್ತಿದ್ದ, ರೇಷ್ಮೆಹುಳುವಿನಾಕಾರದ ಚಿನ್ನದ ಪುಟ್ಟ ಪದಕ ಪೋಲಿಷರ ಎದೆಯ ಮೇಲೂ ಇತ್ತು; ಹಿಂಬದಿಯಲ್ಲಿ ಧರಿಸಿದವನ ಹೆಸರು. ಆದರೆ ಹೆಸರೆಂಬುದೇ ಅವರಲ್ಲಿ ಅನೇಕರಿಗೆ ಅಪಾಯದ ವಸ್ತುವಾಗಿತ್ತು. ತಾವು ಇಂಗ್ಲೆಂಡಿನಲ್ಲಿ ಹೋರಾಡುತ್ತಿರುವುದು ತಿಳಿದರೆ ಊರಿನಲ್ಲಿರುವ ತಂದೆತಾಯಿಗಳಿಗೆ, ಹೆಂಡತಿಗೆ ಕೇಡಾದೀತೆಂದು ಹಲವರು ಹೆಸರನ್ನು ಬದಲಿಸಿಕೊಂಡು ಹಾರಿದರು. ರೆಡ್ ಕ್ರಾಸಿನ ಮೂಲಕ ಕಳುಹಬಹುದಾಗಿದ್ದ ಸಂದೇಶಕ್ಕೆ ಇಪ್ಪತ್ತೈದು ಪದಗಳ ಮಿತಿ. ತಿಂಗಳುಗಟ್ಟಲೆ ಅಲೆದು ಅದು ತಲಪುವ ಹೊತ್ತಿಗೆ ಬರೆದವನು ಇದ್ದಾನೋ ಇಲ್ಲವೋ.

ಇನ್ನು ಒಂದು ಧ್ವಜದ ಕಥೆಗೆ ಬರುತ್ತೇನೆ. ಇದು ನನಗೆ ಎಲ್ಲಕ್ಕಿಂತ ಮಿಗಿಲಾಗಿ ತೋರಿದ್ದು.

ಫ್ರಾನ್ಸಿನ ಆ ಚಳಿಗಾಲದಲ್ಲಿ ವೈಮಾನಿಕರಿಗೆ ಒಂದು ಕೊರತೆ ಕಾಡುತ್ತಿತ್ತು: ತಮ್ಮ ಸೇನೆಗೆ ಧ್ವಜವಿಲ್ಲ. ಪರದೇಶದಲ್ಲಿ ಯಾವ ದರ್ಜಿಯಿಂದ ಬೇಕಾದರೂ ಹೊಲಿಸಿಕೊಳ್ಳಬಹುದಾಗಿತ್ತು. ಅವರಿಗೆ ಅದು ಬೇಡವಾಯಿತು. ಧ್ವಜ ತಾಯ್ನಾಡಿನಲ್ಲಿಯೇ, ತಾಯ್ನಾಡಿನ ಹೆಂಗಸರ ಕೈಯಿಂದಲೇ ಸಿದ್ಧವಾಗಬೇಕೆಂಬುದು ಅವರ ಸಂಕಲ್ಪ. ಆ ಸಂದೇಶ ಗುಪ್ತಮಾರ್ಗಗಳಿಂದ ವಿಲ್ನೊ ನಗರವನ್ನು ಮುಟ್ಟಿತು. ಅಲ್ಲಿ 1940ರಲ್ಲಿ, ಕಿಟಕಿಗಳನ್ನು ಮುಚ್ಚಿಕೊಂಡ ಕೋಣೆಗಳಲ್ಲಿ, ಅನ್ಯರ ಆಳ್ವಿಕೆಯ ಪಹರೆಗಳ ನಡುವೆ, ಆ ಊರಿನ ಹೆಂಗಸರು ರೇಷ್ಮೆಯ ಮೇಲೆ ಕಸೂತಿಯನ್ನು ಹಾಕಿದರು: ಊರಬಾಗಿಲ ಮೇಲೆ ನೆಲಸಿ ವಿಲ್ನೊವನ್ನು ಕಾಯುವ ದೇವಮಾತೆಯ ಮೂರ್ತಿ, ಲಿಸ್ಯೂದ ಸಂತ ತೆರೇಸಳ ಮೂರ್ತಿ, ದೇವರು, ಮರ್ಯಾದೆ, ಮಾತೃಭೂಮಿ ಎಂಬ ಮೂರು ಪದಗಳು, ಪ್ರೀತಿ ತ್ಯಾಗವನ್ನು ಬೇಡುತ್ತದೆಂಬ ಒಂದು ವಾಕ್ಯ, ಊರಿನ ಹೆಸರು, ವರ್ಷ. ಹೊಲಿದದ್ದಾಯಿತು; ಕಳುಹಿಸುವುದು ಹೇಗೆ? ಜಪಾನಿನ ರಾಜತಾಂತ್ರಿಕರ ನೆರವಿನಿಂದ, ಯಾರೂ ಬಿಚ್ಚಿ ನೋಡಲಾಗದ ಅವರ ಚೀಲದಲ್ಲಿ ಅಡಗಿ, ಶತ್ರುವಿನ ರಾಜಧಾನಿಯಾದ ಬರ್ಲಿನ್ನನ್ನೇ ಹಾದು, ಸ್ಟಾಕ್‌ಹೋಮಿಗೆ ಹೋಗಿ ಅಲ್ಲಿಂದ ಅದು 1941ರಲ್ಲಿ ಲಂಡನ್ನಿಗೆ ಬಂದಿತು. ಆ ವರ್ಷದ ಜುಲೈ 16ರಂದು ಸ್ವಿಂಡರ್ಬಿ ನಿಲ್ದಾಣದಲ್ಲಿ ಸಿಕೋರ್ಸ್ಕಿ ಅದನ್ನು ವೈಮಾನಿಕರಿಗೆ ಒಪ್ಪಿಸಿದನು. ಒಂದೇ ಧ್ವಜ, ಪಡೆಗಳೋ ಹಲವು. ಆದುದರಿಂದ ಮೂರು ಮೂರು ತಿಂಗಳಿಗೊಮ್ಮೆ ಅದು ಒಂದು ಪಡೆಯಿಂದ ಇನ್ನೊಂದು ಪಡೆಗೆ ಹೋಗಿ ನೆಲಸುವುದೆಂದು ಗೊತ್ತುಮಾಡಿದರು.

ಅಶೋಕವನದಲ್ಲಿ ಸೆರೆಯಾಗಿದ್ದ ಸೀತೆ ಸೆರಗಿನ ಗಂಟಿನಿಂದ ಚೂಡಾಮಣಿಯನ್ನು ಬಿಚ್ಚಿ ಹನುಮಂತನ ಕೈಗಿತ್ತ ಪ್ರಸಂಗವನ್ನು ಬಾಲ್ಯದಿಂದ ಕೇಳಿ ಬೆಳೆದ ನನಗೆ ಈ ಕಥೆಯಲ್ಲಿ ಅದರ ನೆನಪು ಬಾರದಿರುವುದು ಸಾಧ್ಯವಿರಲಿಲ್ಲ. ಸೆರೆಯಲ್ಲಿರುವವರು ಹೊರಗಿರುವವರಿಗೆ ಕಡಲಾಚೆಗೆ ಕಳುಹಿಸಿದ ಗುರುತು ಅದು. ‘ನಾನಿನ್ನೂ ಇದ್ದೇನೆ, ಬಾ’ ಎಂಬ ಕರೆ. ಸಾಮಾನ್ಯವಾಗಿ ದೇಶವನ್ನು ಬಿಟ್ಟುಬಂದವನು ಊರಿನಿಂದ ಏನನ್ನಾದರೂ ತಾನೇ ತರುತ್ತಾನೆ. ಇಲ್ಲಿ ಮಾತ್ರ ದೇಶವೇ ತನ್ನವರನ್ನು ಹುಡುಕಿಕೊಂಡು ಬಂದಿತು. ಕಸೂತಿ ಹಾಕಿದವರಲ್ಲಿ ಯಾರು ಯಾರು ಆ ಧ್ವಜ ಹಾರಿದ್ದನ್ನು ಕೇಳುವವರೆಗೆ ಬದುಕಿದ್ದರೋ, ಎಷ್ಟು ಜನರನ್ನು ಯುದ್ಧ ನುಂಗಿತೋ. ಅವರ ಹೆಸರುಗಳು ನಾರ್ಥೋಲ್ಟಿನ ಕಲ್ಲಿನಲ್ಲಿ ಇರಬೇಕಾಗಿತ್ತೆಂದು ನನಗೆ ಅನಿಸುತ್ತದೆ.

ಸ್ವಿಂಡರ್ಬಿಗೆ ಅನತಿದೂರದಲ್ಲಿಯೇ, ಟ್ರೆಂಟ್ ನದಿಯ ದಂಡೆಯ ಮೇಲೆ, ನ್ಯೂವಾರ್ಕ್ ಎಂಬ ಹಳೆಯ ಪಟ್ಟಣವಿದೆ. ಜಾನ್ ದೊರೆ ಪ್ರಾಣಬಿಟ್ಟ ಕೋಟೆ ಇಲ್ಲಿಯದು; ಯಾತ್ರಿಕರು ಬರುವುದು ಸಾಧಾರಣವಾಗಿ ಅದಕ್ಕಾಗಿ. ನಾನು ಹೋದುದು ಅಕ್ಟೋಬರ್ ಕೊನೆಯಲ್ಲಿ, ಊರಿನ ಸ್ಮಶಾನಭೂಮಿಗೆ. ಸುತ್ತಲಿನ ಬಯಲುಸೀಮೆಯ ನಿಲ್ದಾಣಗಳಿಂದ ರಾತ್ರಿಯ ಹೊತ್ತು ಬಾಂಬುಗಳನ್ನು ಹೊತ್ತು ಜರ್ಮನಿಗೆ ಹೋಗಿಬರುತ್ತಿದ್ದ 300, 301ನೆಯ ಮೊದಲಾದ ಪೋಲಿಷ್ ಪಡೆಗಳವರು ಸತ್ತಾಗ ಅವರನ್ನು ಹೂಳಿದ್ದು ಇಲ್ಲಿಯೇ. ನಾನೂರಕ್ಕೆ ಸಮೀಪವಾದ ಸಮಾಧಿಗಳು. ಆಂಗ್ಲಯೋಧರ ಸಮಾಧಿಶಿಲೆಗಳ ನೆತ್ತಿ ದುಂಡಗೆ, ಪೋಲಿಷರದು ಚೂಪು; ದೂರದಿಂದಲೇ ಗುರುತು ಹತ್ತುತ್ತದೆ. ಅಂದು ಗೋರಿಗಳ ಮೇಲೆಲ್ಲ ಗಾಜಿನ ಬಟ್ಟಲುಗಳಲ್ಲಿ ದೀಪಗಳಿದ್ದವು. ವರ್ಷಕ್ಕೊಮ್ಮೆ ಈ ಕಾಲದಲ್ಲಿ ಇಂಗ್ಲೆಂಡಿನ ಬೇರೆ ಬೇರೆ ಊರುಗಳಿಂದ ಪೋಲಿಷರು ಬಂದು ಪ್ರಾರ್ಥನೆ ಸಲ್ಲಿಸಿ ದೀಪ ಹಚ್ಚುವರು. ಬಂದವರಲ್ಲಿ ಮುದುಕರಿಗಿಂತ ಮಕ್ಕಳೇ ಹೆಚ್ಚಾಗಿ ಕಂಡರು. ಶಿಲೆಗಳ ಮೇಲಿನ ವಯಸ್ಸುಗಳನ್ನು ಓದುತ್ತ ನಡೆದೆ; ಇಪ್ಪತ್ತೊಂದು, ಇಪ್ಪತ್ತಮೂರು, ಇಪ್ಪತ್ತು.

ಸಿಕೋರ್ಸ್ಕಿಯನ್ನೂ 1943ರ ಜುಲೈಯಲ್ಲಿ ತನ್ನ ವೈಮಾನಿಕರ ನಡುವೆ ಇಲ್ಲಿಯೇ ಸಮಾಧಿ ಮಾಡಿದರು. ಐವತ್ತು ವರ್ಷಗಳ ತರುವಾಯ, 1993ರಲ್ಲಿ, ಅವನ ಅವಶೇಷಗಳನ್ನು ಕ್ರಾಕೋವಿನ ವಾವೆಲ್ ದುರ್ಗದ ದೇವಾಲಯಕ್ಕೆ, ರಾಜರ ಸಮಾಧಿಗಳ ಸಾಲಿಗೆ ಒಯ್ದರು. ಇಲ್ಲಿಯ ಗೋರಿಯ ಗುರುತನ್ನು ಹಾಗೆಯೇ ಉಳಿಸಿದ್ದಾರೆ. ಸೇನಾಪತಿ ಊರಿಗೆ ಹೋದನು, ಸೈನಿಕರು ಇಲ್ಲಿಯೇ ಉಳಿದರು. ಅದನ್ನು ತಪ್ಪೆಂದು ನಾನು ಹೇಳಲಾರೆ. ಆದರೂ ಆ ಖಾಲಿ ಗೋರಿಯ ಬಳಿ ನಿಂತಾಗ ಮನಸ್ಸು ಸುತ್ತಲಿನವರ ಕಡೆಗೇ ಹರಿಯಿತು.

ಇವರ ದುಃಖಗಳಲ್ಲಿ ಅತ್ಯಂತ ದಾರುಣವಾದದ್ದು 1944ರಲ್ಲಿ ಒದಗಿತು. ಆಗಸ್ಟ್ 1ರಂದು ವಾರ್ಸಾದ ಜನ ಜರ್ಮನರ ವಿರುದ್ಧ ದಂಗೆಯೆದ್ದರು. ಇಟಲಿಯ ಬ್ರಿಂದಿಸಿಯಲ್ಲಿದ್ದ 1586ನೆಯ ಪೋಲಿಷ್ ತುಕಡಿಯವರು ಆಯುಧ, ಔಷಧ, ಅನ್ನಗಳನ್ನು ಹೊತ್ತು, ಶತ್ರುವಿನ ನೆಲದ ಮೇಲೆ ರಾತ್ರಿಯೆಲ್ಲ ಹಾರಿ ಹೋಗಿ, ಉರಿಯುವ ಊರಿನ ಮಹಡಿಗಳ ಮಟ್ಟಕ್ಕೆ ಇಳಿದು ಅವುಗಳನ್ನು ಕೆಡಹಿ ಬಂದರು, ಬಾರದವರೂ ಅನೇಕರು. ಐದು ವರ್ಷಗಳಿಂದ ನೋಡಬೇಕೆಂದು ಹಂಬಲಿಸಿದ ಊರು ಕಣ್ಣಿಗೆ ಬಿದ್ದದ್ದು ಹೀಗೆ, ಹೊಗೆಯ ನಡುವೆ, ಕೆಲವೇ ಕ್ಷಣಗಳ ಮಟ್ಟಿಗೆ, ಅಲ್ಲಿ ಇಳಿಯುವಂತಿಲ್ಲ.

ಯುದ್ಧದಲ್ಲಿ ಗೆಲುವಾಯಿತು; ಪೋಲೆಂಡ್ ಸೋವಿಯತ್ ಹಿಡಿತಕ್ಕೆ ಹೋಯಿತು. 1945ರ ಜುಲೈ 5ರಂದು ಬ್ರಿಟನ್ ಲಂಡನ್ನಿನಲ್ಲಿದ್ದ ದೇಶಭ್ರಷ್ಟ ಪೋಲಿಷ್ ಸರಕಾರದಿಂದ ಮಾನ್ಯತೆಯನ್ನು ಹಿಂದೆಗೆದು ವಾರ್ಸಾದ ಹೊಸ ಸರಕಾರಕ್ಕೆ ಕೊಟ್ಟಿತು. ಮರುವರ್ಷದ ಜೂನ್ 8ರಂದು ಲಂಡನ್ನಿನಲ್ಲಿ ವಿಜಯದ ಮೆರವಣಿಗೆ ನಡೆದಾಗ, ಪಶ್ಚಿಮದಲ್ಲಿ ಹೋರಾಡಿದ ಪೋಲಿಷ್ ಸೈನ್ಯಕ್ಕೆ ಅದರಲ್ಲಿ ಸ್ಥಾನವಿರಲಿಲ್ಲ. ಬ್ರಿಟನ್ನಿನ ಆಕಾಶಯುದ್ಧದಲ್ಲಿದ್ದ 25 ವೈಮಾನಿಕರಿಗೆ ಮಾತ್ರ ಕರೆ ಬಂದಿತು. ನೆಲದ ಮೇಲೆ, ಕಡಲಿನ ಮೇಲೆ ಹೋರಾಡಿದ ತಮ್ಮವರನ್ನು ಬಿಟ್ಟು ತಾವೊಬ್ಬರೇ ನಡೆಯಲಾರೆವೆಂದು ಅವರು ನಿರಾಕರಿಸಿದರು. ಆ ನಿರಾಕರಣೆಯಲ್ಲಿರುವ ಧೀರತೆ ಯಾವ ವಿಮಾನವನ್ನು ಉರುಳಿಸಿದ ಧೀರತೆಗೂ ಕಡಮೆಯಾದದ್ದಲ್ಲ. ಋಣವನ್ನು ಸ್ಮರಿಸಬೇಕಾದವರು ರಾಜಕಾರಣದ ಲೆಕ್ಕಕ್ಕಾಗಿ ಮುಖ ತಿರುಗಿಸಿದ ಆ ದಿನ ಬ್ರಿಟನ್ನಿಗೆ ಶೋಭೆ ತಂದ ದಿನವಲ್ಲ. ಮರುವರ್ಷ, 1947ರಲ್ಲಿ, ಪೋಲಿಷರಿಗೆ ಅಲ್ಲಿಯೇ ನೆಲಸಲು ಅನುಕೂಲ ಕಲ್ಪಿಸುವ ಶಾಸನವನ್ನು ಅದೇ ದೇಶ ಮಾಡಿತೆಂಬುದನ್ನೂ ಹೇಳಬೇಕು.

ಈ ವೃತ್ತಾಂತದ ಒಂದು ಎಳೆ ನಮ್ಮ ಮನೆಬಾಗಿಲಿನವರೆಗೂ ಬಂದಿದೆ. 1940-41ರಲ್ಲಿ ಸೋವಿಯತ್ ಅಧಿಕಾರಿಗಳು ಪೂರ್ವ ಪೋಲೆಂಡಿನ ಸಂಸಾರಗಳನ್ನು ಲಕ್ಷಗಟ್ಟಲೆಯಾಗಿ ಸೈಬೀರಿಯಕ್ಕೆ ಸಾಗಿಸಿದರು. 1942ರಲ್ಲಿ ಸೇನಾಪತಿ ಆಂಡರ್ಸನ ಜೊತೆ ಅಲ್ಲಿಂದ ಪಾರಾಗಿ ಪರ್ಷಿಯಕ್ಕೆ ಬಂದವರಲ್ಲಿ ತರುಣರು ಸೈನ್ಯಕ್ಕೆ, ಕೆಲವರು ಇಂಗ್ಲೆಂಡಿನ ವಿಮಾನಪಡೆಗೆ ಹೋದರು. ಹೆಂಗಸರೂ ಮಕ್ಕಳೂ ಹಲವು ದೇಶಗಳಿಗೆ ಚದರಿದರು. ನಮ್ಮ ನಿಪ್ಪಾಣಿಯಿಂದ ಸ್ವಲ್ಪವೇ ದೂರದಲ್ಲಿರುವ ಕೊಲ್ಲಾಪುರದ ಬಳಿಯ ವಳಿವಡೆಯಲ್ಲಿ 1943ರಿಂದ 1948ರವರೆಗೆ ಅಂಥ ಸುಮಾರು ಐದು ಸಾವಿರ ಪೋಲಿಷರ ಊರೊಂದಿತ್ತು. ಶಾಲೆ, ಚರ್ಚು, ರಂಗಮಂದಿರಗಳಿದ್ದ ಊರು. ಯುದ್ಧಾನಂತರ ಅವರಲ್ಲಿ ಅನೇಕರು, ಪೋಲಿಷ್ ಪಡೆಗಳಲ್ಲಿದ್ದ ಗಂಡನನ್ನೋ ಮಗನನ್ನೋ ಅಣ್ಣನನ್ನೋ ಸೇರಲು ಇಂಗ್ಲೆಂಡಿಗೆ ಹಡಗನ್ನೇರಿದರು. ನ್ಯೂವಾರ್ಕಿನ ದೀಪಗಳ ನಡುವೆ ನಿಂತಾಗ, ಪಂಚಗಂಗೆಯ ನೀರು ಕುಡಿದು ಬೆಳೆದವರ ಮಕ್ಕಳೂ ಈ ಗುಂಪಿನಲ್ಲಿರಬಹುದಲ್ಲವೆ ಎಂದು ನಾನು ಮುಖಗಳನ್ನು ನೋಡುತ್ತಿದ್ದೆ.

ಉಳಿದವರ ಬಾಳು ಹಲವು ದಾರಿಗಳಲ್ಲಿ ಹರಿಯಿತು. 303ನೆಯ ಪಡೆಯ ಮೊದಲ ಪೋಲಿಷ್ ನಾಯಕ ಜ್ಜಿಸ್ಲಾವ್ ಕ್ರಾಸ್ನೋದೆಂಬ್ಸ್ಕಿ 1940ರ ಸೆಪ್ಟೆಂಬರಿನಲ್ಲಿ ಉರಿಯುವ ವಿಮಾನದಿಂದ ಪಾರಾಗಿ, ಈಸ್ಟ್ ಗ್ರಿನ್‌ಸ್ಟೆಡ್ಡಿನ ಆಸ್ಪತ್ರೆಯಲ್ಲಿ ಮೆಕಿಂಡೋ ಎಂಬ ವೈದ್ಯನ ಕೈಯಲ್ಲಿ ಹೊಸ ಚರ್ಮವನ್ನು ಪಡೆದನು. ಯುದ್ಧ ಮುಗಿದ ಮೇಲೆ ದಕ್ಷಿಣ ಆಫ್ರಿಕದಲ್ಲಿಯೂ ಕೆನಡದಲ್ಲಿಯೂ ಬಾಳಿ, ಟೊರಾಂಟೊದಲ್ಲಿ 1980ರಲ್ಲಿ ತೀರಿಕೊಂಡನು. ಊರಿಗೆ ಹಿಂದಿರುಗಿದವರ ಪಾಡು ಇನ್ನೂ ಕಠಿನ. ಪೋಲಿಷ್ ಯೋಧರಲ್ಲೆಲ್ಲ ಅಗ್ರಗಣ್ಯನಾದ ಸ್ತಾನಿಸ್ಲಾವ್ ಸ್ಕಾಲ್ಸ್ಕಿಯನ್ನು 1948ರಲ್ಲಿ ಗೂಢಚಾರನೆಂದು ಬಂಧಿಸಿ, ಮರಣದಂಡನೆ ವಿಧಿಸಿ, ಬಳಿಕ ಅದನ್ನು ಜೀವಾವಧಿಗೆ ಇಳಿಸಿದರು, 1956ರಲ್ಲಿ ಬಿಡುಗಡೆಯಾಯಿತು. 305ನೆಯ ಪಡೆಯ ನಾಯಕನಾಗಿ ಹಾರಿದ್ದ ಷ್ಚೆಪಾನ್ ಶ್ಚಿಬ್ಯೋರ್ ಊರಿಗೆ ಮರಳಿ, ದೆಂಬ್ಲಿನ್ನಿನ ವಿಮಾನಶಾಲೆಯ ಮುಖ್ಯಸ್ಥನಾಗಿ ಹೊಸ ತಲೆಮಾರಿಗೆ ಹಾರಲು ಕಲಿಸಿದನು. ಅವನನ್ನೂ ಪಿತೂರಿಯ ಆರೋಪದ ಮೇಲೆ ಹಿಡಿದರು. 1952ರ ಆಗಸ್ಟ್ 7ರಂದು ವಾರ್ಸಾದ ಮೊಕೊತೋವ್ ಸೆರೆಮನೆಯಲ್ಲಿ, ಅದೇ ಕಲ್ಪಿತ ಪಿತೂರಿಗೆ ಸೇರಿದವರೆಂದ ಬೇರೆ ಅಧಿಕಾರಿಗಳ ಜೊತೆಗೆ, ಅವನನ್ನು ಕೊಂದರು. ಮುಂದೆ ನಾಲ್ಕು ವರ್ಷಗಳಲ್ಲಿ ಆ ಆರೋಪಗಳೆಲ್ಲ ಸುಳ್ಳೆಂದು ಅದೇ ಆಳ್ವಿಕೆಯೇ ಒಪ್ಪಿಕೊಳ್ಳಬೇಕಾಯಿತು.

ಪ್ರಿನ್ಸಸ್ ಗೇಟಿನ ಮನೆಯಲ್ಲಿ ಈ ಎಲ್ಲ ವರ್ಷಗಳೂ ವಿಲ್ನೊದ ಧ್ವಜ ಕಾದಿತ್ತು. ಸ್ವತಂತ್ರವಾದ ಪೋಲೆಂಡಿಗಲ್ಲದೆ ಬೇರೆಯವರಿಗೆ ಅದನ್ನು ಒಪ್ಪಿಸಬಾರದೆಂಬುದು ವೈಮಾನಿಕರ ನಿಶ್ಚಯ. ಅದಕ್ಕಾಗಿ ಅವರು ನಲವತ್ತೇಳು ವರ್ಷ ಕಾದರು. ಕಾಯುತ್ತಿದ್ದವರು ಒಬ್ಬೊಬ್ಬರಾಗಿ ಕಡಮೆಯಾದರು. 1990ರ ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಉಳಿದಿದ್ದ ದೇಶಭ್ರಷ್ಟ ಪೋಲಿಷ್ ಸರಕಾರದ ಕೊನೆಯ ಅಧ್ಯಕ್ಷ ಕಾಚೊರೋವ್ಸ್ಕಿ ಪ್ರಜೆಗಳು ಆರಿಸಿದ ಅಧ್ಯಕ್ಷ ವಾಲೆನ್ಸಾನ ಕೈಗೆ ರಾಜ್ಯದ ಲಾಂಛನಗಳನ್ನು ಒಪ್ಪಿಸಿದನು. 1992ರಲ್ಲಿ ಬದುಕಿದ್ದ ವೈಮಾನಿಕರು ಧ್ವಜವನ್ನು ತಾವೇ ವಾರ್ಸಾಕ್ಕೆ ಕೊಂಡೊಯ್ದರು. ಚೀಲದಲ್ಲಿ ಅಡಗಿ ಕಳ್ಳದಾರಿಯಿಂದ ಹೊರಬಿದ್ದದ್ದು ಹಗಲಿನಲ್ಲಿ, ಸೇನೆಯ ವಂದನೆಗಳ ನಡುವೆ ಒಳಕ್ಕೆ ಹೋಯಿತು. ಈಗ ಅದು ಇರುವುದು ದೆಂಬ್ಲಿನ್ನಿನಲ್ಲಿ. ಫೇರಿಚ್ ಹಾರಲು ಕಲಿತ, ಶ್ಚಿಬ್ಯೋರ್ ಹಾರಲು ಕಲಿಸಿದ ಊರಿನಲ್ಲಿ.